ದನ ಮೂಳೆ ಜಗಿದದ್ದು

ನಮ್ಮ ಗೌರಿ ಮೂಳೆ ಜಗಿಯುವುದನ್ನು ಮೊದಲು ಕಂಡವಳು ನಾನೇ. 2013ರ ಫೆಬ್ರವರಿ ತಿಂಗಳು. ಹಿಂದಿನ ರಾತ್ರಿ ಮನೆಗೆ ನೆಂಟರು ಬಂದು ಹೋಗಿದ್ದರು. ಬೆಳಿಗ್ಗೆ ಪಾತ್ರೆ ತೊಳೆಯಲು ಹಿತ್ತಿಲಿಗೆ ಹೋದರೆ ತೆಂಗಿನಮರದ ಹತ್ತಿರ ದನ ತಲೆ ಎತ್ತಿ, ಬಾಯಿ ಸೊಟ್ಟ ಮಾಡಿಕೊಂಡು ಏನನ್ನೋ ಕಟಕಟ ಅಗಿಯುತ್ತಿತ್ತು. ಗೆರಟೆ ಇರಬೇಕೆಂದು ಹತ್ತಿರ ಹೋದೆ. ಗೆರಟೆಯಲ್ಲ, ಆಡಿನ ಕಾಲಿನ ಮೂಳೆ. ಜೊಲ್ಲು ಸುರಿಯುತ್ತಿತ್ತು. ಕಣ್ಣು ಅರ್ಧ ಮುಚ್ಚಿಕೊಂಡು, ಮಕ್ಕಳು ಬೆಲ್ಲ ಚೀಪುವ ಹಾಗೆ ಅದನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸುತ್ತಿತ್ತು.

ನಾನು ಕೂಗಿದ್ದು ಕೇಳಿ ಉಮ್ಮ ಓಡಿ ಬಂದರು. ದನದ ಬಾಯಿಗೆ ಕೈ ಹಾಕಿ ಮೂಳೆ ಕಿತ್ತು ತೆಗೆದು, ಬಾಳೆಬುಡದಲ್ಲಿ ಒಂದು ಮೊಳ ಗುಂಡಿ ತೋಡಿ ಹೂತುಹಾಕಿದರು. ಆಮೇಲೆ ರಸ್ತೆಯ ಕಡೆಗೊಮ್ಮೆ ನೋಡಿ, ಪಕ್ಕದ ಮನೆಯ ಬೇಲಿಯ ಕಡೆಗೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: "ಇದನ್ನು ಯಾರಿಗೂ ಹೇಳಬೇಡ."

ಯಾಕೆ ಹೇಳಬಾರದು ಎಂದು ನಾನು ಕೇಳಲಿಲ್ಲ. ಬಂಟ್ವಾಳ ತಾಲೂಕಿನ ನಮ್ಮ ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ದನ ಮೂಳೆ ತಿಂದಿದೆ. ಅದೂ ನಮ್ಮ ಮನೆಯಲ್ಲಿ. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಮೂರನೆಯ ಮನೆ ತಲುಪುವಾಗ, ದನಕ್ಕೆ ನಾವೇ ಮೂಳೆ ತಿನ್ನಿಸುತ್ತೇವೆ ಎಂದಾಗಿರುತ್ತಿತ್ತು. ಅಂದಿನಿಂದ ಮನೆಯ ಎಂಜಲು ಮೂಳೆಯೆಲ್ಲ ಒಂದು ಮುಚ್ಚಳದ ಡಬ್ಬಿಗೆ ಹೋಗತೊಡಗಿತು. ಆದರೂ ದನ ನಿಲ್ಲಿಸಲಿಲ್ಲ. ನಾಯಿ ಎಲ್ಲಿಂದಲೋ ಎಳೆದು ತಂದದ್ದನ್ನು ಹುಡುಕಿ ತಿನ್ನುತ್ತಿತ್ತು. ಮೂಳೆ ಸಿಗದಿದ್ದರೆ ಒಣಹಾಕಿದ ಲುಂಗಿಯ ಅಂಚು, ಹಳೆಯ ಹಗ್ಗ, ಹಟ್ಟಿಯ ಗೋಡೆಯ ಮಣ್ಣು.

ಗೌರಿ ಎಂಬ ಹೆಸರಿನ ಬಗ್ಗೆ ಒಂದು ಮಾತು. ಅದು ನಾವಿಟ್ಟ ಹೆಸರಲ್ಲ. 2011ರಲ್ಲಿ ನಾವು ದನವನ್ನು ಕೊಂಡ ಮನೆಯಲ್ಲೇ ಅದಕ್ಕೆ ಆ ಹೆಸರಿತ್ತು. "ಹೆಸರು ಬದಲಾಯಿಸಿದರೆ ಕರೆದಾಗ ಬರುವುದಿಲ್ಲ" ಎಂದು ಉಮ್ಮ ಹಾಗೆಯೇ ಉಳಿಸಿಕೊಂಡರು. ಕರಿಯ ಮೈಯ, ಹಣೆಯಲ್ಲಿ ಬಿಳಿ ಬೊಟ್ಟಿದ್ದ ಎಚ್.ಎಫ್. ಮಿಶ್ರತಳಿ. ಕೊಳ್ಳುವಾಗ ಎರಡನೆಯ ಗಬ್ಬ. ಸೊಸೈಟಿಯಲ್ಲಿ ಸಾಲ ಮಾಡಿ, ದಮ್ಮಾಮಿನಲ್ಲಿದ್ದ ತಮ್ಮನೂ ಸ್ವಲ್ಪ ಕಳುಹಿಸಿದ್ದ. ಉಪ್ಪ ತೀರಿಹೋದ ಮೇಲೆ ಉಮ್ಮನಿಗೆ ತನ್ನದೇ ಎನ್ನುವ ಒಂದು ಸಂಪಾದನೆ ಬೇಕಿತ್ತು. ಮಗನ ಹಣದಲ್ಲಿ ಉಂಡರೂ, ಮದ್ದಿಗೂ ಮದುವೆಯ ಉಡುಗೊರೆಗೂ ಮಗನನ್ನು ಕೇಳಲು ಅವರಿಗೆ ಮನಸ್ಸಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಗೌರಿ ಹೆಣ್ಣು ಕರು ಹಾಕಿತು. ದಿನಕ್ಕೆ 10 ಲೀಟರ್ ಹಾಲು. ಉಮ್ಮ ಕೊಡಪಾನ ತಲೆಯ ಮೇಲಿಟ್ಟುಕೊಂಡು ಡಿಪೋಗೆ ಹೋಗಿ ಬರುವಾಗಿನ ನಡಿಗೆಯೇ ಬೇರೆಯಾಗಿತ್ತು.

ಕರು ಹಾಕಿದ ದನ ಮೂರು ತಿಂಗಳೊಳಗೆ ಮತ್ತೆ ಗಬ್ಬ ಕಟ್ಟಬೇಕು. ಗಬ್ಬದ ದಿನಗಳು ಸುಮಾರು 280. ಹಾಗೆ ಕಟ್ಟಿದರೆ ಹನ್ನೆರಡು-ಹದಿಮೂರು ತಿಂಗಳಿಗೊಮ್ಮೆ ಕರು, ಹಾಲೂ ನಿಲ್ಲದೆ ಸಾಗುತ್ತದೆ. ಗೌರಿ 2012ರ ಮಾರ್ಚಿನಲ್ಲಿ ಬೆದೆಗೆ ಬಂತು. ಇಂಜೆಕ್ಷನ್ ಕೊಡಿಸಿದೆವು. ಇಪ್ಪತ್ತೊಂದನೆಯ ದಿನಕ್ಕೆ ಮತ್ತೆ ಕೂಗಿತು. ಮತ್ತೆ ಕೊಡಿಸಿದೆವು. ಹೀಗೆ ಐದು ಸಲ. ಆಮೇಲೆ ಕೂಗುವುದೂ ನಿಂತಿತು. ಗಬ್ಬವೇ ಇರಬೇಕೆಂದು ಉಮ್ಮ ಎರಡು ತಿಂಗಳು ಸಂತೋಷಪಟ್ಟರು. ಗಬ್ಬವಾಗಿರಲಿಲ್ಲ. ಮೂಳೆ ಜಗಿಯುವ ಹೊತ್ತಿಗೆ ಹಾಲು 3 ಲೀಟರಿಗೆ ಇಳಿದಿತ್ತು, ಸಾಲದ ಕಂತು ಮಾತ್ರ ಇಳಿದಿರಲಿಲ್ಲ.

"ಮಾರಿಬಿಡಿ" ಎಂದು ತಮ್ಮ ಫೋನಿನಲ್ಲಿ ಹೇಳಿದ. ದೂರದಿಂದ ಹೇಳುವುದು ಸುಲಭ. ಗಬ್ಬ ಕಟ್ಟದ ದನವನ್ನು ಸಾಕುವುದಕ್ಕೆಂದು ಯಾರೂ ಕೊಳ್ಳುವುದಿಲ್ಲ. ಕೊಳ್ಳಲು ಬರುವವನು ದಲ್ಲಾಳಿ. ಅವನು ಬಂದೂ ಬಂದ. ಗೌರಿಯ ಪಕ್ಕೆ ತಟ್ಟಿ, "ಗೊಡ್ಡು ದನಕ್ಕೆ ಇನ್ನೆಷ್ಟು ಕೊಡುವುದು?" ಎಂದು ಒಂದು ಮೊತ್ತ ಹೇಳಿದ. ಗೊಡ್ಡು ಎಂಬ ಮಾತು ಕೇಳಿ ಉಮ್ಮನ ಮುಖ ಗಂಟಾಯಿತು. ಆ ಮಾತನ್ನು ಅವರು ದನಕ್ಕೂ ಆಡುವವರಲ್ಲ, ಹೆಂಗಸಿಗೂ ಆಡುವವರಲ್ಲ. ಅದಲ್ಲದೆ ಇನ್ನೊಂದು ಹೆದರಿಕೆಯೂ ಇತ್ತು. ನಮ್ಮ ಅಂಗಳದಿಂದ ದನವೊಂದು ಗಾಡಿ ಹತ್ತಿದರೆ ಊರಿನ ಕಣ್ಣಿಗೆ ಅದು ಕಾಣುವ ಬಗೆಯೇ ಬೇರೆ. ಬೇರೆ ಮನೆಯವರು ಮಾರಿದರೆ ಬಡತನಕ್ಕೆ ಮಾರಿದರು ಎನ್ನುತ್ತಾರೆ. ನಮಗೆ ಆ ಅನುಕೂಲ ಇಲ್ಲ. 2021ರಲ್ಲಿ ರಾಜ್ಯದ ಕಾನೂನು ಇನ್ನಷ್ಟು ಬಿಗಿಯಾದ ಮೇಲೆ ಈ ಕಷ್ಟ ಎಲ್ಲ ಜಾತಿಯ ಹಟ್ಟಿಗೂ ಬಂದಿದೆ ಎನ್ನಿ. ಆಗ ಅದು ನಮ್ಮಂಥವರ ಹಟ್ಟಿಯಲ್ಲಿ ಹೆಚ್ಚು ಕಾಣುತ್ತಿತ್ತು.

ದಲ್ಲಾಳಿಯನ್ನು ಕಳುಹಿಸಿ ಉಮ್ಮ ಪಶುವೈದ್ಯರಿಗೆ ಹೇಳಿಕಳುಹಿಸಿದರು.

ವೈದ್ಯರು ನಿವೃತ್ತಿಯ ಹತ್ತಿರವಿದ್ದವರು. ಬಂದವರೇ ಹಟ್ಟಿಗೆ ಹೋಗಲಿಲ್ಲ, ದನದ ಎದುರು ನಿಂತು ಸುಮ್ಮನೆ ನೋಡಿದರು. "ಇದು ಕಪ್ಪು ದನವಲ್ಲವೇ ಅಮ್ಮ? ಈ ಕೆಂಪು ಯಾವಾಗಿನಿಂದ?" ಎಂದು ಕೇಳಿದರು. ಆಗಷ್ಟೇ ನಾವೂ ಗಮನಿಸಿದ್ದು. ಗೌರಿಯ ಕರಿಯ ಮೈ ತುಕ್ಕು ಹಿಡಿದ ಕಬ್ಬಿಣದ ಹಾಗಾಗಿತ್ತು. ಕಣ್ಣಿನ ಸುತ್ತಲಿನ ಕೂದಲು ಬೂದು ಬಣ್ಣಕ್ಕೆ ತಿರುಗಿ ಕನ್ನಡಕ ಹಾಕಿದಂತಿತ್ತು. ಬಿಸಿಲಿಗೆ ಹಾಗಾಗಿದೆ ಎಂದುಕೊಂಡಿದ್ದೆವು. ಮತ್ತೆ ಕೈಗೆ ಉದ್ದದ ಕೈಚೀಲ ಹಾಕಿ ಒಳಗೆ ಪರೀಕ್ಷಿಸಿದರು. ಗರ್ಭಕೋಶ ಶುದ್ಧವಾಗಿದೆ, ಕೀವು ಇಲ್ಲ, ಗಡ್ಡೆ ಇಲ್ಲ. ಅಂಡಾಶಯ ಮಾತ್ರ ಚಿಕ್ಕದಾಗಿ, ನುಣುಪಾಗಿ, ಕೆಲಸವಿಲ್ಲದೆ ಕೂತಿದೆ ಎಂದರು. ಕೈ ತೊಳೆಯುತ್ತಾ ಕೇಳಿದರು: "ಏನಾದರೂ ತಿನ್ನಬಾರದ್ದು ತಿನ್ನುತ್ತದೆಯೇ?"

ಉಮ್ಮ ನನ್ನನ್ನು ನೋಡಿದರು. ನಾನು ಬಾವಿಯ ಕಡೆ ನೋಡಿದೆ.

"ಬಟ್ಟೆ ತಿನ್ನುತ್ತದೆ" ಎಂದರು ಉಮ್ಮ.

"ಬಟ್ಟೆ. ಮತ್ತೆ?"

"ಮಣ್ಣು."

"ಮತ್ತೆ ಅಮ್ಮ? ಮೂಳೆ?"

ಉಮ್ಮ ಉತ್ತರಿಸಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು. ವೈದ್ಯರು ನಗತೊಡಗಿದರು. ಸಿಟ್ಟಿನ ನಗುವಲ್ಲ, ಸುಸ್ತಾದವರ ನಗು. "ಇದನ್ನು ಮೊದಲೇ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಈ ಗುಡ್ಡದ ಮೇಲೆ ಮೇಯುವ ದನಗಳಲ್ಲಿ ಮೂಳೆ ಸಿಕ್ಕರೆ ಬಿಡುವ ದನ ಕಡಿಮೆ. ನಿಮ್ಮಲ್ಲಿ ಹೇಳುವುದಿಲ್ಲ, ಜನ ಏನೆಂದುಕೊಳ್ಳುತ್ತಾರೋ ಎಂದು. ಮೇಲಿನ ಮನೆಯ ಭಟ್ಟರಲ್ಲಿಯೂ ಹೇಳುವುದಿಲ್ಲ, ದನ ಮೂಳೆ ತಿಂದರೆ ಮೈಲಿಗೆ ಎಂದು. ಎರಡು ಮನೆಯ ದನವೂ ತಿನ್ನುತ್ತದೆ. ಎರಡು ಮನೆಯವರೂ ಗುಂಡಿ ತೋಡಿ ಹೂಳುತ್ತೀರಿ."

ದನ ಮೂಳೆ ತಿನ್ನುವುದು ಕೆಟ್ಟ ಚಟವಲ್ಲ, ಹಸಿವು. ಹೊಟ್ಟೆಯ ಹಸಿವಲ್ಲ, ರಂಜಕದ ಹಸಿವು. ಇದನ್ನು ಕಂಡುಹಿಡಿದ ಕಥೆಯನ್ನು ವೈದ್ಯರು ಅಂದು ಅರ್ಧ ಹೇಳಿದರು; ಉಳಿದದ್ದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ದಕ್ಷಿಣ ಆಫ್ರಿಕದ ಒಣ ಹುಲ್ಲುಗಾವಲುಗಳಲ್ಲಿ ದನಗಳು ಕಾಲು ಸೋತು ಮಲಗಿ ಸಾಯುತ್ತಿದ್ದವು. ಅಲ್ಲಿನ ಜನ ಅದನ್ನು ಕುಂಟುರೋಗ ಎಂಬ ಅರ್ಥದಲ್ಲಿ ಲಾಮ್‌ಸೀಕ್ಟೆ ಎನ್ನುತ್ತಿದ್ದರು. ಸ್ವಿಟ್ಜರ್ಲೆಂಡಿನಿಂದ ಅಲ್ಲಿಗೆ ಹೋಗಿ ನೆಲೆಸಿದ್ದ ಆರ್ನಾಲ್ಡ್ ಥೈಲರ್ ಎಂಬ ಪಶುವೈದ್ಯರು ಪ್ರಿಟೋರಿಯಾದ ಬಳಿ 1908ರಲ್ಲಿ ಆಂಡರ್‌ಸ್ಟೆಪೂರ್ಟ್ ಎಂಬ ಸಂಶೋಧನಾ ಕೇಂದ್ರವನ್ನು ಕಟ್ಟಿದವರು. ಅವರು ಮತ್ತು ಅವರ ಜೊತೆಗಾರರು ವ್ರೈಬರ್ಗ್ ಎಂಬ ಊರಿನ ಹತ್ತಿರ ದನಗಳ ಹಿಂದೆಯೇ ತಿರುಗಿ ನೋಡಿದಾಗ ಕಂಡದ್ದು ಇದು: ಅಲ್ಲಿನ ಮಣ್ಣಿನಲ್ಲಿ ರಂಜಕವಿಲ್ಲ, ಆದ್ದರಿಂದ ಹುಲ್ಲಿನಲ್ಲಿಲ್ಲ, ಆದ್ದರಿಂದ ದನ ಸತ್ತ ಪ್ರಾಣಿಗಳ ಮೂಳೆ ಹುಡುಕಿಕೊಂಡು ಹೋಗುತ್ತದೆ; ಕೊಳೆತ ಮೂಳೆಯಲ್ಲಿರುವ ಬಾಟುಲಿಸಂ ವಿಷ ಅದರ ಕಾಲು ಕೆಡಿಸಿ ಕೊಲ್ಲುತ್ತದೆ. ಕೊಂದದ್ದು ವಿಷವಾದರೂ ಕಾರಣ ಹುಲ್ಲಿನಲ್ಲಿತ್ತು. ಶುದ್ಧಗೊಳಿಸಿದ ಮೂಳೆಪುಡಿಯನ್ನು ದಿನವೂ ಕೊಟ್ಟಾಗ ದನಗಳು ಮೂಳೆ ಹುಡುಕುವುದನ್ನೇ ಬಿಟ್ಟವು.

ಆದರೆ ಆ ಪ್ರಯೋಗದಲ್ಲಿ ಇನ್ನೊಂದು ಲೆಕ್ಕ ಸಿಕ್ಕಿತು, ನಮ್ಮ ಹಟ್ಟಿಗೆ ಸಂಬಂಧಪಟ್ಟದ್ದು ಅದೇ. 1928ರಲ್ಲಿ ಪ್ರಕಟವಾದ ಅವರ ಅಂಕಿಗಳ ಪ್ರಕಾರ ಮೂಳೆಪುಡಿ ಸಿಕ್ಕ ಹಸುಗಳಲ್ಲಿ ನೂರಕ್ಕೆ 80 ಕರು ಹಾಕಿದವು. ಅದೇ ಹುಲ್ಲು ಮೇಯ್ದು ಮೂಳೆಪುಡಿ ಸಿಗದವುಗಳಲ್ಲಿ 51 ಮಾತ್ರ. ನಡುವಿನ ಇಪ್ಪತ್ತೊಂಬತ್ತು ಹಸುಗಳಿಗೂ ಯಾರೋ ಗೊಡ್ಡು ಎಂದೇ ಹೆಸರಿಟ್ಟಿರುತ್ತಾರೆ.

ಗರ್ಭ ಕಟ್ಟಲು ರಂಜಕ ಯಾಕೆ ಬೇಕು? ವೈದ್ಯರು ಉಮ್ಮನಿಗೆ ಹೇಳಿದ ರೀತಿ ನನಗೆ ಇಷ್ಟವಾಯಿತು. "ಅಮ್ಮ, ತಿಂಗಳ ಸಂಬಳ ಬಂದರೆ ಮೊದಲು ಏನು ಮಾಡುತ್ತೀರಿ?" ಎಂದರು. ಅಕ್ಕಿ ತರುತ್ತೇವೆ. ಆಮೇಲೆ? ಸಾಲದ ಕಂತು. ಆಮೇಲೆ? ಉಳಿದರೆ ಮಗಳ ಮದುವೆಗೆಂದು ಏನಾದರೂ. "ದನದ ಮೈಯೂ ಹಾಗೆಯೇ. ತಿಂದದ್ದರಲ್ಲಿ ಮೊದಲು ತನ್ನ ಜೀವ. ಎರಡನೆಯದು ಹಾಲು, ಯಾಕೆಂದರೆ ಎದುರಿಗೆ ಕರು ಇದೆ ಎಂದು ಅದು ತಿಳಿದಿದೆ. ಮುಂದಿನ ಕರು ಕೊನೆಯದು. ಸಂಬಳ ಸಾಲದಿದ್ದರೆ ಮದುವೆ ಮುಂದಕ್ಕೆ ಹೋಗುತ್ತದೆ, ಅಷ್ಟೇ."

ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ, ಒಂದು ಗ್ರಾಂಗೆ ಸ್ವಲ್ಪ ಕಡಿಮೆ ರಂಜಕ ಹೊರಗೆ ಹೋಗುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಅದರ ಎರಡರಷ್ಟು ಬಾಯಿಗೆ ಬೀಳಬೇಕು. 8 ಲೀಟರ್ ಹಾಲು ಕೊಡುವ ಗೌರಿಯಷ್ಟು ದೊಡ್ಡ ದನಕ್ಕೆ ದಿನಕ್ಕೆ 25 ಗ್ರಾಂ ಆಸುಪಾಸು ರಂಜಕ ಬೇಕು. ಒಣ ಬೈಹುಲ್ಲು ಮತ್ತು ಬೇಸಿಗೆಯ ಗುಡ್ಡದ ಹುಲ್ಲು 10 ಕಿಲೋ ತಿಂದರೂ ಅದಕ್ಕೆ ಸಿಗುವುದು 10 ಗ್ರಾಂ ಕೂಡ ಇಲ್ಲ. ಕೊರತೆಯನ್ನು ದನ ಕೆಲವು ಕಾಲ ತನ್ನ ಮೂಳೆಯಿಂದಲೇ ತೆಗೆದು ತುಂಬುತ್ತದೆ. ಮೈಯ ರಂಜಕದಲ್ಲಿ ಹೆಚ್ಚಿನ ಪಾಲು ಇರುವುದು ಮೂಳೆಯಲ್ಲೇ. ಆ ಗಂಟೂ ಕರಗಿದ ಮೇಲೆ ಹೊರಗೆ ಮೂಳೆ ಹುಡುಕುತ್ತದೆ. ಇದರಲ್ಲಿ ಇನ್ನೊಂದು ಸುಳಿ ಇದೆ. ರಂಜಕ ಕಡಿಮೆಯಾದ ದನಕ್ಕೆ ಮೇವಿನ ರುಚಿ ಹೋಗುತ್ತದೆ, ತಿನ್ನುವುದೇ ಕಡಿಮೆಯಾಗುತ್ತದೆ. ತಿನ್ನುವುದು ಕಡಿಮೆಯಾದರೆ ಶಕ್ತಿಯೂ ಕಡಿಮೆ. ಶಕ್ತಿಯಿಲ್ಲದ ಮೈಯಲ್ಲಿ ಅಂಡಾಶಯ ಮಲಗುತ್ತದೆ. ಗೌರಿ ಮೊದಲು ಐದು ಸಲ ಬೆದೆಗೆ ಬಂದು ತಪ್ಪಿ, ಕೊನೆಗೆ ಬೆದೆಯನ್ನೇ ನಿಲ್ಲಿಸಿದ್ದು ಹೀಗೆ.

ನಮ್ಮ ಗುಡ್ಡ ಮಾಡಿದ ತಪ್ಪಾದರೂ ಏನು? ಮುರಕಲ್ಲಿನ ಗುಡ್ಡ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಗ್ರಂಥದಲ್ಲಿ ಫ್ರಾನ್ಸಿಸ್ ಬುಕನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಹೆಸರು ಸರಿಯಾಗಿಯೇ ಇದೆ. ಮನೆ ಕಟ್ಟಲು ಇಷ್ಟು ಒಳ್ಳೆಯ ಕಲ್ಲು ಬೇರೆಲ್ಲೂ ಇಲ್ಲ, ಹುಲ್ಲಿಗೆ ಇದರಷ್ಟು ಬಡ ನೆಲ ಇನ್ನೊಂದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಸಾವಿರಾರು ವರ್ಷಗಳಿಂದ ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ನೇತ್ರಾವತಿಗೆ ಹಾಕಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಇವೆರಡೂ ಇದ್ದಬದ್ದ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ. ಜೂನ್ ತಿಂಗಳಲ್ಲಿ ಏಳುವ ಎಳೆ ಹುಲ್ಲಿನಲ್ಲಿ ಸ್ವಲ್ಪವಾದರೂ ರಂಜಕ ಇರುತ್ತದೆ. ಮುಳಿಹುಲ್ಲು ಬಲಿತು ಒಣಗುವ ಡಿಸೆಂಬರ್ ಹೊತ್ತಿಗೆ ಅದರ ಅರ್ಧವೂ ಉಳಿಯುವುದಿಲ್ಲ. ಇನ್ನು ಕಬ್ಬಿಣ. ನಮ್ಮ ಬಾವಿಯ ನೀರು ಪಾತ್ರೆಗೆ ಕೆಂಪು ಬಳಿಯುತ್ತದೆ. ಗಿಡ್ಡ ಹುಲ್ಲನ್ನು ಕಿತ್ತು ತಿನ್ನುವಾಗ ದನದ ಹೊಟ್ಟೆಗೆ ಕೆಂಪು ಮಣ್ಣೂ ಹೋಗುತ್ತದೆ. ಕಬ್ಬಿಣ ಅತಿಯಾದರೆ ತಾಮ್ರ ಮೈಗೆ ಹತ್ತುವುದಿಲ್ಲ. ತಾಮ್ರ ಕಡಿಮೆಯಾದರೆ ಕೂದಲಿಗೆ ಕಪ್ಪು ಬಣ್ಣ ಕಟ್ಟುವುದಿಲ್ಲ, ಬೆದೆಯೂ ಸರಿಯಾಗಿ ಬರುವುದಿಲ್ಲ. ಗೌರಿಯ ಕನ್ನಡಕದ ಗುಟ್ಟು ಅದು.

ಹಸಿರು ಕಂಡ ಮಾತ್ರಕ್ಕೆ ಹುಲ್ಲು ತುಂಬಿದೆ ಎಂದುಕೊಳ್ಳುವುದು ನಮ್ಮೊಬ್ಬರ ಭ್ರಮೆಯಲ್ಲ. ನ್ಯೂಜಿಲೆಂಡಿನ ಉತ್ತರ ದ್ವೀಪದ ನಡುವೆ ಜ್ವಾಲಾಮುಖಿಯ ಬೂದಿಯ ನೆಲವಿದೆ. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿ ನೆಲೆಸಿದ ರೈತರ ದನಗಳು ಮೊಣಕಾಲುದ್ದದ ಹುಲ್ಲಿನ ನಡುವೆ ನಿಂತು ಸೊರಗಿ ಸಾಯುತ್ತಿದ್ದವು. ಬೇರೆ ಊರಿಗೆ ಅಟ್ಟಿಕೊಂಡು ಹೋದರೆ ಚೇತರಿಸಿಕೊಳ್ಳುತ್ತಿದ್ದವು. ಆ ನೆಲದಲ್ಲಿ ಇಲ್ಲದ್ದು ಕೋಬಾಲ್ಟ್ ಎಂದು ಗೊತ್ತಾಗಲು 1930ರ ದಶಕ ಬರಬೇಕಾಯಿತು. ಒಂದು ಕಿಲೋ ಒಣ ಮೇವಿನಲ್ಲಿ ಒಂದು ಮಿಲಿಗ್ರಾಂನ ಹತ್ತನೆಯ ಒಂದು ಪಾಲು ಇದ್ದರೆ ಸಾಕಾಗುವ ವಸ್ತು. ಅದಿಲ್ಲದೆ ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಬಿ12 ಜೀವಸತ್ವವನ್ನು ಮಾಡಲಾರವು. ಇಂದು ಜಗತ್ತಿಗೆಲ್ಲ ಹಾಲಿನ ಪುಡಿ ಮಾರುವ ದೇಶದ ಕಥೆ ಇದು.

ಉಮ್ಮನಿಗೆ ಮಾತ್ರ ಇದೆಲ್ಲ ಒಪ್ಪಿಗೆಯಾಗಲಿಲ್ಲ. "ನನ್ನ ಅತ್ತೆಯ ಕಾಲದಲ್ಲಿ ಹಟ್ಟಿಯಲ್ಲಿ ಆರು ದನ ಇದ್ದವು. ಅವಕ್ಕೆ ಯಾರು ಪುಡಿ ಕೊಟ್ಟರು? ವರ್ಷಕ್ಕೊಂದು ಕರು ಹಾಕುತ್ತಿರಲಿಲ್ಲವೇ?" ಎಂದು ವಾದಿಸಿದರು. ಒಳ್ಳೆಯ ಪ್ರಶ್ನೆ. ಅವು ಮಲೆನಾಡು ಗಿಡ್ಡ. ನೂರು ಕಿಲೋ ಆಸುಪಾಸು ತೂಗುವ ದನ, ಕೊಡುವುದು ಒಂದೆರಡು ಲೀಟರ್ ಹಾಲು. ಅದರ ಖರ್ಚು ಕಡಿಮೆ, ಆದಾಯ ಹೆಚ್ಚು. ಬೆಳಿಗ್ಗೆ ಬಿಟ್ಟರೆ ಗುಡ್ಡ ಹತ್ತಿ ಹುಲ್ಲು ಮಾತ್ರವಲ್ಲ, ಹತ್ತಾರು ಬಗೆಯ ಸೊಪ್ಪು, ಚಿಗುರು, ಬಳ್ಳಿ ತಿಂದು ಬರುತ್ತಿತ್ತು. ಮರದ ಎಲೆಯಲ್ಲಿ ಬೈಹುಲ್ಲಿಗಿಂತ ಎಷ್ಟೋ ಹೆಚ್ಚು ಸುಣ್ಣವಿದೆ. ಇಂದು ಆ ಗುಡ್ಡದ ಅರ್ಧ ರಬ್ಬರ್ ತೋಟ, ಇನ್ನರ್ಧ ಕಲ್ಲಿನ ಕೋರೆ. ಗೌರಿಯನ್ನು ಕಟ್ಟಿ ಮೇಯಿಸುವುದು ಉಳಿದ ಮುಕ್ಕಾಲು ಎಕರೆ ಪಾದೆಯಲ್ಲಿ. 10 ಲೀಟರ್ ಹಾಲಿನ ದನವನ್ನು 2 ಲೀಟರ್ ಹಾಲಿನ ಗುಡ್ಡದಲ್ಲಿ ಕಟ್ಟಿದ್ದೇವೆ.

ಇನ್ನೊಂದು ಸಂಗತಿಯನ್ನು ಉಮ್ಮನೇ ನೆನಪಿಸಿಕೊಂಡರು. ಆಗ ಭತ್ತ ಮನೆಯಲ್ಲೇ ಕುಟ್ಟುತ್ತಿದ್ದರು. ಆಮೇಲೆ ಪೇಟೆಯ ಮಿಲ್ಲಿಗೆ ಹೋದರೂ ಅಕ್ಕಿಯ ಜೊತೆ ತೌಡೂ ಮನೆಗೆ ಬರುತ್ತಿತ್ತು. ಸಂಜೆ ಅಕ್ಕಚ್ಚಿನಲ್ಲಿ ತೌಡು ಕಲಸಿ ಬಾನಿಗೆ ಹಾಕಿದರೆ ದನಗಳು ಬಾನಿಯನ್ನು ನೆಕ್ಕಿ ಹೊಳೆಯಿಸುತ್ತಿದ್ದವು. ಗದ್ದೆ ಅಡಿಕೆ ತೋಟವಾದ ಮೇಲೆ ಅಕ್ಕಿ ಅಂಗಡಿಯಿಂದ ಬರುತ್ತದೆ, ತೌಡು ಬರುವುದಿಲ್ಲ. ವೈದ್ಯರು ಇದನ್ನು ಕೇಳಿ, "ನೋಡಿ, ಅವಕ್ಕೆ ಪುಡಿ ಕೊಟ್ಟದ್ದು ನಿಮ್ಮ ಅತ್ತೆಯೇ" ಎಂದರು. ಒಂದು ಕಿಲೋ ಅಕ್ಕಿ ತೌಡಿನಲ್ಲಿ 10 ಗ್ರಾಂಗಿಂತ ಹೆಚ್ಚು ರಂಜಕವಿದೆ. ನಮ್ಮ ಹೊಟ್ಟೆಗೆ ಅದು ಸುಲಭವಾಗಿ ಸಿಗದ ರೂಪದಲ್ಲಿರುತ್ತದೆ, ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿಕೊಡುತ್ತವೆ. ಅಕ್ಕಿಯ ಸಿಪ್ಪೆಯಲ್ಲಿದ್ದದ್ದು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ, ಗದ್ದೆಯದ್ದು ಮತ್ತೆ ಅಕ್ಕಿಗೆ. ಆ ಸುತ್ತು ಎಲ್ಲಿ ಕಡಿಯಿತೆಂದು ನಮಗೆ ಗೊತ್ತೇ ಆಗಿರಲಿಲ್ಲ.

ಚಿಕಿತ್ಸೆಯಲ್ಲಿ ದೊಡ್ಡ ವಿಶೇಷವೇನೂ ಇರಲಿಲ್ಲ. ಹುಳುವಿನ ಮದ್ದು ಕೊಟ್ಟರು. ರಂಜಕದ ಇಂಜೆಕ್ಷನ್ ಕೆಲವು ದಿನ. ಮತ್ತೆ ದಿನಕ್ಕೆ 50 ಗ್ರಾಂ ಲವಣ ಮಿಶ್ರಣ, ಒಂದು ಕಿಲೋ ತೌಡು, ಸ್ವಲ್ಪ ಹಿಂಡಿ, ಒಂದು ಹಿಡಿ ಉಪ್ಪು. ಬರಿಯ ಉಪ್ಪಿನ ಗಡ್ಡೆ ನೆಕ್ಕಿಸಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಅದರಲ್ಲಿ ರಂಜಕ ಇರುವುದಿಲ್ಲ. ಮಿಶ್ರಣದ 50 ಗ್ರಾಂನಲ್ಲಿ ಸಿಗುವ ರಂಜಕ 5-6 ಗ್ರಾಂ ಮಾತ್ರ, ಆದರೆ ಅದರಲ್ಲಿ ತೌಡಿನಲ್ಲಿಲ್ಲದ ಸುಣ್ಣ ಇದೆ, ತಾಮ್ರ, ಸತು, ಮ್ಯಾಂಗನೀಸ್, ಕೋಬಾಲ್ಟ್, ಅಯೋಡಿನ್ ಇವೆ. ಹುಲ್ಲಿನ ಹತ್ತಿರಹತ್ತಿರ 10, ತೌಡಿನ 10 ಚಿಲ್ಲರೆ, ಮಿಶ್ರಣದ 5-6: ಉಮ್ಮ ಬೆರಳು ಮಡಿಚಿ ಕೂಡಿಸಿ, "ಇಪ್ಪತ್ತೈದು ಆಯಿತು" ಎಂದರು. ಶಾಲೆಗೆ ನಾಲ್ಕೇ ವರ್ಷ ಹೋದವರು. ಒಂದು ಕಿಲೋ ಪ್ಯಾಕೆಟ್ ಇಪ್ಪತ್ತು ದಿನಕ್ಕೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ಇರುವ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆ ಒಂದೊಂದು ಪ್ರದೇಶದ ಮಣ್ಣು, ಮೇವಿಗೆ ತಕ್ಕಂತೆ ಬೇರೆ ಬೇರೆ ಮಿಶ್ರಣ ಬೇಕೆಂದು ಬಹಳ ಕೆಲಸ ಮಾಡಿದೆ. ಅದು ಸರಿಯಾದ ದಾರಿ. ಬಯಲುಸೀಮೆಯ ಕಪ್ಪು ಮಣ್ಣಿನ ದನಕ್ಕೂ ನಮ್ಮ ಮುರಕಲ್ಲಿನ ದನಕ್ಕೂ ಒಂದೇ ಚೀಲದ ಪುಡಿ ಹಾಕುವುದರಲ್ಲಿ ಅರ್ಥವಿಲ್ಲ.

ಗೌರಿಗೆ ಮೊದಲು ಆ ಪುಡಿಯ ವಾಸನೆಯೇ ಆಗಲಿಲ್ಲ. ಬಾನಿಯನ್ನು ಮೂಸಿ, ಮೂಗಿನಿಂದ ಒಂದು ದೊಡ್ಡ ಉಸಿರು ಬಿಟ್ಟು ಹಿಂದೆ ಸರಿಯಿತು. ಉಮ್ಮ ಚಮಚದಿಂದ ಶುರುಮಾಡಿ ತೌಡಿನಲ್ಲಿ ಬಚ್ಚಿಟ್ಟು ಬಚ್ಚಿಟ್ಟು ಎರಡು ವಾರದಲ್ಲಿ ಅಭ್ಯಾಸ ಮಾಡಿಸಿದರು. ಅವರು ನನ್ನ ತಮ್ಮನಿಗೆ ಮದ್ದು ಕುಡಿಸುತ್ತಿದ್ದುದೂ ಹೀಗೆಯೇ, ಹಲ್ವದೊಳಗೆ ಮಾತ್ರೆಯಿಟ್ಟು.

ಮೊದಲು ನಿಂತದ್ದು ಬಟ್ಟೆ ತಿನ್ನುವುದು. ಆಮೇಲೆ ಒಂದು ದಿನ ನಾಯಿ ಎಳೆದು ತಂದ ಮೂಳೆ ಹಟ್ಟಿಯ ಬಾಗಿಲಲ್ಲೇ ಬಿದ್ದಿತ್ತು. ಗೌರಿ ಅದನ್ನು ದಾಟಿಕೊಂಡು ಹೋಯಿತು. ನಾನು ಉಮ್ಮನನ್ನು ಕೂಗಿ ತೋರಿಸಿದೆ. ಎರಡನೆಯ ತಿಂಗಳ ಕೊನೆಗೆ ಕತ್ತಿನ ಹತ್ತಿರ ಹೊಸ ಕಪ್ಪು ಕೂದಲು ಕಂಡಿತು. ಬೆದೆ ಬರಲು ಮೇ ತಿಂಗಳಾಯಿತು. ವೈದ್ಯರು ಆ ಬೆದೆಯನ್ನು ಬಿಟ್ಟುಬಿಡಿ ಎಂದರು. ಬಿಡುವುದು ಎಷ್ಟು ಕಷ್ಟವೆಂದು ಸಾಲ ಇರುವವರಿಗೇ ಗೊತ್ತು. ಒಂದು ಬೆದೆ ಎಂದರೆ ಇಪ್ಪತ್ತೊಂದು ದಿನ. ಮುಂದಿನ ಬೆದೆ ಜೂನ್ ಮಳೆಯ ನಡುವೆ ಬಂತು. ಹಿಂದೆ ನಾವು ಬೆಳಿಗ್ಗೆ ದನ ಕೂಗಿದ ಕೂಡಲೇ ಓಡಿಹೋಗಿ ಜನ ಕರೆತರುತ್ತಿದ್ದೆವು. ಅದೂ ತಪ್ಪು ಎಂದು ಆಗ ತಿಳಿಯಿತು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಕೊಡಿಸಬೇಕು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಈ ಸಲ ಸಂಜೆಯವರೆಗೆ ಕಾದೆವು. ಇಪ್ಪತ್ತೊಂದನೆಯ ರಾತ್ರಿ ಉಮ್ಮ ನಿದ್ದೆ ಮಾಡಲಿಲ್ಲ. ದನ ಕೂಗಲಿಲ್ಲ. ಮೂರು ತಿಂಗಳಾದ ಮೇಲೆ ವೈದ್ಯರು ಪರೀಕ್ಷಿಸಿ ತಲೆಯಾಡಿಸಿದಾಗ ಉಮ್ಮ ಹಟ್ಟಿಯಲ್ಲೇ ಕಣ್ಣೊರೆಸಿಕೊಂಡರು.

ಇದನ್ನೆಲ್ಲ ಲವಣ ಮಿಶ್ರಣದ ಜಾಹೀರಾತಾಗಿ ಓದಬಾರದು. ಗೌರಿಗೆ ನಾವು ಹುಳುವಿನ ಮದ್ದು ಕೊಟ್ಟೆವು, ತೌಡು ಹಿಂಡಿ ಹೆಚ್ಚಿಸಿದೆವು, ಪುಡಿ ಹಾಕಿದೆವು, ಹೊತ್ತು ನೋಡಿ ಇಂಜೆಕ್ಷನ್ ಕೊಡಿಸಿದೆವು. ಯಾವುದು ಎಷ್ಟು ಫಲ ಕೊಟ್ಟಿತೆಂದು ಬೇರ್ಪಡಿಸಲು ಬರುವುದಿಲ್ಲ. ನಮ್ಮ ಊರಿನಲ್ಲೇ ಒಬ್ಬರು ವೈದ್ಯರನ್ನು ಕೇಳದೆ ದಿನಕ್ಕೆ ಕಾಲು ಕಿಲೋ ಪುಡಿ ಸುರಿದರು. ಅವರ ದನದ ತೊಂದರೆ ಗರ್ಭಕೋಶದ ಸೋಂಕು, ಪುಡಿಗೆ ಅದು ಬಗ್ಗಲಿಲ್ಲ. ಬೇಕಾದಷ್ಟು ರಂಜಕ ಇರುವ ಮೈಗೆ ಇನ್ನಷ್ಟು ಹಾಕಿದರೆ ಸಗಣಿಯಲ್ಲಿ ಹೊರಗೆ ಹೋಗುತ್ತದೆ. ತಾಮ್ರವಂತೂ ಅತಿಯಾದರೆ ವಿಷ, ಕುರಿಗಳಿಗೆ ಇನ್ನೂ ಬೇಗ. ಕರು ತಾನಾಗಿ ಇಳಿದುಹೋಗುವ ದನಕ್ಕೆ ಬ್ರುಸೆಲ್ಲೋಸಿಸ್ ಪರೀಕ್ಷೆ ಮಾಡಿಸದೆ ಪುಡಿ ಹಾಕುತ್ತಾ ಕೂತರೆ ಮನೆಯವರಿಗೇ ಕಾಯಿಲೆ ಅಂಟಬಹುದು. ಮೂಳೆ ತಿನ್ನಲು ಬಿಡುವುದು ಮದ್ದು ಎಂದೂ ಯಾರೂ ತಿಳಿಯಬಾರದು. ಥೈಲರರ ದನಗಳು ಸತ್ತದ್ದು ಅದರಿಂದಲೇ.

2014ರ ಮಾರ್ಚಿನಲ್ಲಿ ಗೌರಿ ಗಂಡು ಕರು ಹಾಕಿತು. ಹೆಣ್ಣಾಗಿದ್ದರೆ ಒಳ್ಳೆಯದಿತ್ತು ಎಂದು ತಮ್ಮ ಫೋನಿನಲ್ಲಿ ಹೇಳಿದ; ಉಮ್ಮ ಫೋನಿಟ್ಟುಬಿಟ್ಟರು. ಸಾಲ ತೀರಲು ಮತ್ತೆ ಎರಡು ವರ್ಷ ಹಿಡಿಯಿತು. ಗೌರಿ ನಮ್ಮಲ್ಲಿ ಆಮೇಲೆ ಮೂರು ಕರು ಹಾಕಿತು. ಹಟ್ಟಿಯಲ್ಲೇ ಮುದಿಯಾಗಿ 2022ರಲ್ಲಿ ಸತ್ತಿತು.

ಕರು ಹುಟ್ಟಿದ ವಾರ, ಗಿಣ್ಣು ಕೊಡಲೆಂದು ನಾನು ಪಕ್ಕದ ಮನೆಯ ಬೇಲಿಯ ಹತ್ತಿರ ಹೋಗಿದ್ದೆ. ಆ ಮನೆಯ ಅಕ್ಕ ಪಾತ್ರೆ ತೆಗೆದುಕೊಂಡು, ಹೋಗದೆ ನಿಂತರು. ಅವರ ಜೆರ್ಸಿ ದನಕ್ಕೂ ನಾಲ್ಕು ಸಲ ತಪ್ಪಿದ್ದು ಊರಿಗೆಲ್ಲ ಗೊತ್ತಿತ್ತು. ಹಿಂದೆ ತಿರುಗಿ ತಮ್ಮ ಮನೆಯ ಜಗಲಿಯ ಕಡೆ ನೋಡಿದರು. ಜಗಲಿಯಲ್ಲಿ ಅವರ ಮಾವ ಪೇಪರ್ ಓದುತ್ತಾ ಕೂತಿದ್ದರು.

"ನಮ್ಮದು ಚಪ್ಪಲಿ ತಿನ್ನುತ್ತದೆ ಮಾರಾಯ್ತಿ" ಎಂದರು ಮೆಲ್ಲಗೆ. ಸ್ವಲ್ಪ ಹೊತ್ತು ಬಿಟ್ಟು, "ಮೊನ್ನೆ ಮೂಳೆಯನ್ನೂ ಕಚ್ಚಿಕೊಂಡು ಬಂದಿತ್ತು. ಯಾರಿಗೂ ಹೇಳಬೇಡ ಆಯ್ತಾ" ಎಂದರು.

ನಾನು ಒಳಗೆ ಹೋಗಿ ಲವಣ ಮಿಶ್ರಣದ ಹೊಸ ಪ್ಯಾಕೆಟನ್ನೂ ನಾವು ಅಳೆಯುತ್ತಿದ್ದ ಚಮಚವನ್ನೂ ತಂದುಕೊಟ್ಟೆ. ವೈದ್ಯರ ನಂಬರನ್ನು ಪ್ಯಾಕೆಟಿನ ಮೇಲೆ ಬರೆದು, ಮೊದಲು ಅವರಿಗೆ ಫೋನ್ ಮಾಡಿ, ಮೂಳೆಯ ವಿಷಯವನ್ನೂ ಹೇಳಿ ಎಂದೆ.